ತಾತನ ಪಾಲಿನ ಊಟ

ನಮ್ಮ ಊಟದ ಮೇಜಿಗೆ ಆರು ಕುರ್ಚಿಗಳಿವೆ. ಮನೆಯಲ್ಲಿರುವುದು ನಾಲ್ಕೇ ಜನ: ಮಗಳು, ಅಳಿಯ, ಆಗ ಒಂಬತ್ತು ವರ್ಷವಾಗಿದ್ದ ಮೊಮ್ಮಗಳು ಮತ್ತು ನಾನು. ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಯಾರೂ ಕೂರುತ್ತಿರಲಿಲ್ಲ. ಅದಕ್ಕೆ ದೊಡ್ಡ ಕಾರಣವೇನೂ ಇಲ್ಲ, ಹೊತ್ತು ಇಳಿದಂತೆ ಬಿಸಿಲು ಅಲ್ಲಿ ನೇರವಾಗಿ ಮುಖಕ್ಕೆ ಹೊಡೆಯುತ್ತದೆ. ಅಲ್ಲಿಂದ ನೋಡಿದರೆ ಅಲ್ಲಾಳಸಂದ್ರ ಕೆರೆಯ ಒಂದು ಚೂರು ಎರಡು ಅಪಾರ್ಟ್‌ಮೆಂಟುಗಳ ನಡುವೆ ಕಾಣುತ್ತದೆ.

ಬೇಸಿಗೆ ರಜೆ. ಮಗಳು ಬ್ಯಾಂಕಿಗೆ, ಅಳಿಯ ಏರ್‌ಪೋರ್ಟಿನ ಕೆಲಸಕ್ಕೆ ಹೋಗಿದ್ದರು. ಮಗುವಿಗೆ ಬಡಿಸಿ ನಾನು ಅಡುಗೆಮನೆಯಲ್ಲಿ ಹಾಲು ಕಾಯಿಸುತ್ತಿದ್ದೆ. ಅವಳು ಮಾಮೂಲಿನಂತೆ ಗಬಗಬ ತಿಂದು, ನಡುನಡುವೆ ಏನೋ ಹಾಡಿಕೊಂಡು, ಊಟ ಮುಗಿಸಿದ್ದು ಕೇಳಿಸಿತು. ಕುರ್ಚಿ ಎಳೆದ ಸದ್ದು. ಆಮೇಲೆ ಇನ್ನೊಂದು ಕುರ್ಚಿ ಎಳೆದ ಸದ್ದು. ಆಮೇಲೆ ತುಂಬ ಹೊತ್ತು ಏನೂ ಇಲ್ಲ. ಆ ಮೌನದೊಳಗಿಂದ, ತಟ್ಟೆಯ ಅಂಚಿಗೆ ಬೆರಳಿನಿಂದ ಬಡಿದ ಸದ್ದು ಬಂತು: ಟಕ್, ಟಕ್.

ನಾನು ಸಾರಿನ ಸೌಟು ಹಿಡಿದು ಆಗಲೇ ಬಾಗಿಲ ತನಕ ಬಂದುಬಿಟ್ಟಿದ್ದೆ.

ನಮ್ಮ ಯಜಮಾನರು ಬಾಯಿಬಿಟ್ಟು ಸಾರು ಕೇಳಿದವರಲ್ಲ. ಬಲಗೈ ಎಂಜಲು, ಎಡಗೈಯ ತಾಮ್ರದ ಉಂಗುರದಿಂದ ತಟ್ಟೆಯ ಅಂಚಿಗೆ ಎರಡು ಸಲ ಬಡಿಯುತ್ತಿದ್ದರು. ಸಂಸಾರ ಮಾಡಿದಷ್ಟು ಕಾಲವೂ ಆ ಸದ್ದಿಗೆ ನಾನು ಎದ್ದು ಹೋಗಿದ್ದೇನೆ. ಕಾಲಿಗೆ ಅದು ರೂಢಿಯಾಗಿಬಿಟ್ಟಿದೆ, ತಲೆಯನ್ನು ಕೇಳಿಕೊಂಡು ಕಾಲು ಹೊರಡುವುದಿಲ್ಲ. ಅವರು ತೀರಿಕೊಂಡಾಗ ಈ ಮಗು ಇನ್ನೂ ಹುಟ್ಟಿರಲಿಲ್ಲ.

ಅವಳು ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತಿದ್ದಳು. ಎಡಗಾಲನ್ನು ಮಡಿಸಿ ಕುರ್ಚಿಯ ಮೇಲಿಟ್ಟು, ಮಂಡಿಯ ಮೇಲೆ ಮೊಣಕೈ ಊರಿ, ಮೇಜಿನ ಪಾತ್ರೆಯಿಂದ ತಾನೇ ಹಾಕಿಕೊಂಡ ಇನ್ನೊಂದು ಮುದ್ದೆಯನ್ನು ಹೆಬ್ಬೆರಳಿನಿಂದ ಒತ್ತಿ ಒತ್ತಿ ಮುರಿಯುತ್ತಿದ್ದಳು. ತನ್ನ ಕುರ್ಚಿಯಲ್ಲಿ ಒಂದು ನಿಮಿಷ ಸುಮ್ಮನಿರದ ಹುಡುಗಿ ಅಲ್ಲಿ ಕೆರೆಯ ಕಡೆ ನೋಡುತ್ತ ನಿಧಾನವಾಗಿ ನುಂಗುತ್ತಿದ್ದಳು. ನನ್ನನ್ನು ಕಂಡು ತಟ್ಟೆಯನ್ನು ಸ್ವಲ್ಪ ಮುಂದೆ ಸರಿಸಿದಳು. ನಾನು ಸಾರು ಹಾಕಿದೆ. ಆ ಹೊತ್ತಿಗೆ ಬೇರೇನು ಮಾಡಬೇಕೆಂದು ನನಗೆ ತೋಚಲಿಲ್ಲ.

ಮಗುವಿನ ತೂಕದ ವಿಷಯ ನಮ್ಮ ಮನೆಯಲ್ಲಿ ಆಗ ದಿನನಿತ್ಯದ ಮಾತಾಗಿತ್ತು. ಯೂನಿಫಾರ್ಮಿನ ಸ್ಕರ್ಟಿನಲ್ಲಿ ಇನ್ನು ಬಿಡಿಸಲು ಬಟ್ಟೆಯೇ ಉಳಿದಿಲ್ಲ ಎಂದು ಟೈಲರ್ ಹೇಳಿದ್ದ. ಲಿಫ್ಟ್ ಕೆಟ್ಟ ದಿನ ಮೂರನೆಯ ಮಹಡಿಗೆ ಹತ್ತುವಷ್ಟರಲ್ಲಿ ಅವಳ ತುಟಿ ಬಿಳಿಚಿಕೊಳ್ಳುತ್ತಿತ್ತು. ಕತ್ತಿನ ಹಿಂದೆ ಕಪ್ಪು ಪಟ್ಟಿಯೊಂದು ಮೂಡಿತ್ತು. ಮಗಳು ಅದನ್ನು ಮೊದಲು ಕೊಳೆ ಎಂದುಕೊಂಡು ಕಡಲೆಹಿಟ್ಟು ಹಚ್ಚಿ ಉಜ್ಜಿದ್ದೇ ಉಜ್ಜಿದ್ದು. ಸ್ಕೂಲ್ ಬಸ್ಸಿನಲ್ಲಿ ಮಕ್ಕಳು ಅವಳಿಗೆ ಟೆಡ್ಡಿ ಎಂದು ಹೆಸರಿಟ್ಟಿದ್ದರಂತೆ. ಇದನ್ನು ಅವಳೇ ನಗುನಗುತ್ತ ಹೇಳಿದಳು. ಆ ನಗು ನನಗೆ ಹಿಡಿಸಲಿಲ್ಲ.

ಸಹಕಾರನಗರದಲ್ಲಿ ಮಕ್ಕಳ ಡಾಕ್ಟರ್ ಒಬ್ಬರಿದ್ದಾರೆ, ಸೌಮ್ಯ ಸ್ವಭಾವದ ಹೆಂಗಸು. ಕತ್ತು ನೋಡಿದ ಕೂಡಲೆ ಅದು ಕೊಳೆಯಲ್ಲ ಎಂದು ಹೇಳಿ ರಕ್ತ ಪರೀಕ್ಷೆ ಮಾಡಿಸಿದರು. ಶುಗರ್ ಇನ್ನೂ ಬಂದಿಲ್ಲ, ಆದರೆ ಬರುವ ದಾರಿಯಲ್ಲಿದೆ, ಈಗ ಎಚ್ಚೆತ್ತುಕೊಂಡರೆ ತಿರುಗಿಸಬಹುದು ಎಂದರು. ತೂಕ ಇಳಿಸುವ ಆತುರ ಬೇಡ, ಏರುವುದು ನಿಂತರೆ ಸಾಕು, ಮಗು ಎತ್ತರ ಬೆಳೆದಂತೆ ತೂಕ ತಾನೇ ಹೊಂದಿಕೊಳ್ಳುತ್ತದೆ ಎಂದರು. ಜ್ಯೂಸು, ಬಿಸ್ಕತ್ತು ಮನೆಗೇ ತರಬೇಡಿ. ತಟ್ಟೆಯಲ್ಲಿ ಅರ್ಧ ತರಕಾರಿ, ಸೊಪ್ಪು. ಊಟದ ಹೊತ್ತಿಗೆ ಟೀವಿ ಬೇಡ. ದಿನಾ ಮೈ ಬೆವರುವಷ್ಟು ಆಟ. ಮಗಳು ತಲೆಯಾಡಿಸುತ್ತ, ಇವತ್ತಿಂದಲೇ ಸ್ಟ್ರಿಕ್ಟ್ ಡಯಟ್ ಡಾಕ್ಟರ್ ಎಂದಾಗ ಆಕೆ ಪೆನ್ನು ಕೆಳಗಿಟ್ಟರು.

"ಮಗೂನ ಡಯಟ್‌ಗೆ ಹಾಕ್ಬೇಡಿ. ಮನೇನ ಹಾಕಿ."

ಆಮೇಲೆ ವಂಶದಲ್ಲಿ ಯಾರಿಗಾದರೂ ಶುಗರ್ ಇತ್ತೇ ಎಂದು ಕೇಳಿದರು. ತಾತನಿಗಿತ್ತು, ಕೊನೆಗೆ ಕಿಡ್ನಿಗೂ ಬಂತು ಎಂದೆ. ಬೆಡ್ಡಿನ ಮೇಲೆ ಕಾಲಾಡಿಸುತ್ತ ಕೂತಿದ್ದ ಮಗು ಆಗ ತುಂಬ ಸಹಜವಾಗಿ ಒಂದು ಪ್ರಶ್ನೆ ಕೇಳಿತು.

"ಈಗ್ಲೂ ಇರತ್ತಾ ಆಂಟಿ, ತಾತಂಗೆ ಶುಗರ್?"

ಡಾಕ್ಟರ್ ನಕ್ಕರು. ಮಗಳೂ ನಕ್ಕಳು. ನನಗೆ ಆ ಹೊತ್ತಿನಲ್ಲಿ ಕ್ಲಿನಿಕ್ಕಿನ ಎ.ಸಿ. ತುಂಬ ಜೋರಾಗಿದೆ ಅನ್ನಿಸಿತು.

ಮನೆಯಲ್ಲಿ ಎಲ್ಲ ಬದಲಾಯಿತು. ಬಿಸ್ಕತ್ತಿನ ಡಬ್ಬಿಗಳು ವಾಚ್‌ಮನ್ ಮನೆಗೆ ಹೋದವು. ಅಳಿಯ ತನ್ನ ಕೋಲಾ ಬಿಟ್ಟ, ಎರಡು ದಿನ ತಲೆನೋವು ಎಂದು ಮುಲುಗಿದ. ಆದರೆ ಮಗುವಿನ ತೂಕ ನಿಲ್ಲಲಿಲ್ಲ. ಮಗಳು ನನ್ನನ್ನೇ ಅನುಮಾನಿಸಿದಳು, "ಅಮ್ಮಾ, ನೀವೇನಾದ್ರೂ ಕದ್ದು ಕೊಡ್ತಿದ್ದೀರಾ?" ಎಂದು. ಆ ಮೊದಲ ದಿನದ ಒಂದು ಸೌಟು ಸಾರು ಬಿಟ್ಟರೆ ನಾನು ಏನೂ ಕೊಟ್ಟಿರಲಿಲ್ಲ. ಅಳತೆ ಮಾಡಿ ಬಡಿಸಿದ್ದನ್ನು ಅವಳು ತನ್ನ ಕುರ್ಚಿಯಲ್ಲಿ ತಿನ್ನುತ್ತಿದ್ದಳು, ಒಂದು ಚೂರೂ ಹಟ ಮಾಡುತ್ತಿರಲಿಲ್ಲ. ಮಗಳು ಕೆಲಸಕ್ಕೆ ಹೊರಟ ಮೇಲೆ ಇನ್ನೊಂದು ಊಟ ನಡೆಯುತ್ತಿತ್ತು, ಕಿಟಕಿಯ ಪಕ್ಕದಲ್ಲಿ. ಅನ್ನ ಮುಚ್ಚಿಟ್ಟರೆ ಹಸಿ ಹಿಟ್ಟು ಕಲಸಿಕೊಂಡಾದರೂ ಅಲ್ಲಿ ಹೋಗಿ ಕೂರುತ್ತಿದ್ದಳು. ಹಸಿವಿಗೆ ತಿನ್ನುವ ಮುಖವಲ್ಲ ಅದು. ಒಂದು ದಿನ ಕಣ್ಣಲ್ಲಿ ನೀರು ತುಂಬಿಕೊಂಡು, ವಾಕರಿಕೆ ತಡೆದುಕೊಂಡು ನುಂಗುತ್ತಿದ್ದಳು. ನಾನು ಹತ್ತಿರ ಹೋಗಿ ಕೂತೆ.

"ಸಾಕು ಬಿಡೇ ಪುಟ್ಟಿ. ಯಾಕೆ ಇಷ್ಟು ಕಷ್ಟಪಡ್ತೀಯಾ?"

"ಇದು ನಂದಲ್ಲ ಅಜ್ಜಿ. ನಂದು ಆಗ್ಲೇ ಆಯ್ತು. ಇದು ತಾತಂದು."

ಆಗ ನೆನಪಾಯಿತು, ಅವಳಿಗೆ ಐದು ವರ್ಷವಿದ್ದಾಗಿನ ಹಿರಿಯರ ಹಬ್ಬ. ಮಹಾಲಯ ಅಮಾವಾಸ್ಯೆಗೆ ನಮ್ಮಲ್ಲಿ ತೀರಿಕೊಂಡವರ ಫೋಟೋದ ಮುಂದೆ ಎಡೆ ಇಡುತ್ತೇವೆ. ಅವರಿಗೆ ಬದುಕಿದ್ದಾಗ ಏನೇನು ಇಷ್ಟವೋ ಅದೆಲ್ಲ ಬಾಳೆಲೆಯ ಮೇಲೆ: ಇವರಿಗಾದರೆ ಮುದ್ದೆ, ಕೈಮಾ ಉಂಡೆ ಸಾರು, ವಡೆ, ಕಜ್ಜಾಯ. ಧೂಪ ಹಾಕಿ, ಬಾಗಿಲು ಮುಂದೆ ಮಾಡಿಕೊಂಡು, ಮನೆಮಂದಿಯೆಲ್ಲ ಹೊರಗೆ ನಿಲ್ಲಬೇಕು. ಸತ್ತವರು ಬಂದು ಉಣ್ಣುವುದನ್ನು ಯಾರೂ ನೋಡಬಾರದು. ಆಮೇಲೆ ಬಾಗಿಲು ತಟ್ಟಿ ಒಳಗೆ ಹೋಗಬೇಕು. ನಾನು ಮದುವೆಯಾಗಿ ಬಂದ ಹೊಸದರಲ್ಲಿ ಹೊರಗೆ ನಿಂತು ನಗು ತಡೆಯಲಾಗದೆ ಸೆರಗು ಕಚ್ಚಿಕೊಂಡಿದ್ದೆ. ಕಾನ್ವೆಂಟಿನಲ್ಲಿ ಓದಿದವಳಲ್ಲವೇ, ಇಂಥದ್ದೆಲ್ಲ ಸೂಪರ್‌ಸ್ಟಿಷನ್ ಅಂತ. ಇವರಿಗೇ ಎಡೆ ಇಡುವ ಕಾಲ ಬಂದಾಗ ನಗು ಬರಲಿಲ್ಲ. ಮುಚ್ಚಿದ ಬಾಗಿಲಿಗೆ ಕಿವಿಗೊಟ್ಟು ನಿಂತೆ.

ಎಡೆಯಿಂದ ಒಂದು ಪಾಲನ್ನು ಟೆರೇಸಿಗೆ ಒಯ್ದು ಕಾಗೆಗೆ ಇಡುತ್ತೇವೆ. ಕಾಗೆ ಮುಟ್ಟಿದರೆ ಹಿರಿಯರು ಒಪ್ಪಿದರು ಅಂತ. ಅದು ಮುಟ್ಟುವ ತನಕ ಮನೆಯಲ್ಲಿ ಯಾರೂ ಉಣ್ಣುವಂತಿಲ್ಲ. ಆ ವರ್ಷ ಕಾಗೆ ಬರಲಿಲ್ಲ. ಪಾರಿವಾಳಗಳು ಗುಂಪಾಗಿ ಬಂದು ಸುತ್ತ ಓಡಾಡಿದವು, ಮೂಸಲೂ ಇಲ್ಲ. ಅಳಿಯ ಕಾ ಕಾ ಎಂದು ಕೂಗಿ ಗಂಟಲು ಕೆಡಿಸಿಕೊಂಡ. ಮಗು ಹಸಿದು ಅಳುತ್ತಿತ್ತು. ಬ್ಯಾಟರಾಯನಪುರದಿಂದ ಹಬ್ಬಕ್ಕೆ ಬಂದಿದ್ದ ನನ್ನ ಗಂಡನ ಅಕ್ಕ ಮಗುವನ್ನು ಹತ್ತಿರ ಕರೆದು, ತಲೆಯ ಸುಳಿಯ ಮೇಲೆ ಬೆರಳಿಟ್ಟು ನೋಡಿದರು.

"ಇವ್ಳ ಸುಳಿ ನೋಡು, ನನ್ ತಮ್ಮಂದು ಇಂಗೇ ಇತ್ತು. ಕಾಗೆ ಯಾಕೆ ಬೇಕು? ಈ ಮಗ ಉಂಡ್ರೆ ಅವ್ನೇ ಉಂಡಂಗೆ. ಬಾರವ್ವ, ನಿಮ್ ತಾತಂಗೆ ನೀನೇ ಉಣ್ಬೇಕು. ಇಲ್ದಿದ್ರೆ ಉಪವಾಸ ಇರ್ತಾನೆ ಅವ್ನು."

ಎಲೆಯ ಮೇಲಿದ್ದುದನ್ನು ಆಕೆಯೇ ತುತ್ತು ಮಾಡಿ ತಿನ್ನಿಸಿದರು. ಮಗು ಅಳು ನಿಲ್ಲಿಸಿತು. ನಮಗೆಲ್ಲ ಹಸಿವಾಗಿತ್ತು, ಕೆಳಗೆ ಬಂದು ಉಂಡೆವು. ದೊಡ್ಡವರು ಅದನ್ನು ಸಂಜೆಯೊಳಗೆ ಮರೆತೆವು. ಮಗು ಮರೆಯಲಿಲ್ಲ. ಅಂದಿನಿಂದ ಪ್ರತಿ ಹೊತ್ತೂ ಅವಳು ನಮ್ಮ ಕಣ್ಣಿಗೆ ಬೀಳದಂತೆ ಇಬ್ಬರಿಗಾಗಿ ಉಣ್ಣುತ್ತಿದ್ದಳು.

ಮಗಳಿಗೆ ಹೇಳಿದೆ. ಅವಳು ಮೊದಲು ಬೈದಳು, ಆಮೇಲೆ ಅತ್ತಳು. ಬ್ಯಾಟರಾಯನಪುರದ ಸೋದರತ್ತೆಗೆ ಫೋನ್ ಮಾಡಿ ಜಗಳವಾಡಿದಳು. ರಾತ್ರಿ ಮಗುವನ್ನು ಕೂರಿಸಿಕೊಂಡು ಸತ್ತವರಿಗೆ ಹಸಿವೆಯಾಗುವುದಿಲ್ಲ ಎಂದು ಸೈನ್ಸ್ ಪಾಠ ಮಾಡಿದಳು. ಮಗು ಎಲ್ಲವನ್ನೂ ಕೇಳಿ, ಸರಿ ಎಂದಿತು. ಮಾರನೆಯ ದಿನ ಮತ್ತೆ ಟಕ್, ಟಕ್. ತಟ್ಟೆ ಬಡಿಯುವುದನ್ನು ಯಾರು ಹೇಳಿಕೊಟ್ಟರು ಎಂದು ಕೇಳಿದರೆ, ಯಾರೂ ಇಲ್ಲ, ಕೈ ಹಾಗೇ ಹೋಗುತ್ತೆ ಎಂದಳು. ನಾವು ಯಾರಾದರೂ ಅವಳೆದುರು ಯಾವಾಗಲೋ ಹೇಳಿರಬೇಕು. ಹಾಗೆಂದು ನಾನು ಈಗಲೂ ಅಂದುಕೊಳ್ಳುತ್ತೇನೆ.

ನನಗೆ ಸಿಸ್ಟರ್‌ಗಳ ನೆನಪು ಬಂದದ್ದು ಆಗ. ನಮ್ಮ ಕಾನ್ವೆಂಟಿನಲ್ಲಿ ನವೆಂಬರ್ ತಿಂಗಳೆಂದರೆ ಸತ್ತವರ ತಿಂಗಳು. ಹಿಂದೂ ಮಕ್ಕಳೂ ಚಾಪೆಲ್ಲಿನಲ್ಲಿ ಮಂಡಿಯೂರುತ್ತಿದ್ದೆವು. ಪರ್ಗೆಟರಿಯಲ್ಲಿ, ಅಂದರೆ ಸ್ವರ್ಗಕ್ಕೆ ಮುಂಚಿನ ಶುದ್ಧಿಯ ಜಾಗದಲ್ಲಿ, ಕಾಯುತ್ತಿರುವ ಆತ್ಮಗಳಿಗಾಗಿ ಒಂದು ಟಾಫಿಯನ್ನೋ ಕೇಕಿನ ತುಂಡನ್ನೋ ಬಿಟ್ಟುಕೊಡಬೇಕು. "ಆಫರ್ ಇಟ್ ಅಪ್, ಚೈಲ್ಡ್", ದೇವರಿಗೆ ಒಪ್ಪಿಸಿಬಿಡು ಮಗು, ಎನ್ನುತ್ತಿದ್ದರು ಬೋರ್ಡಿಂಗಿನ ವಯಸ್ಸಾದ ಸಿಸ್ಟರ್. ನಾವು ತಿನ್ನದೆ ಬಿಟ್ಟದ್ದು ಆ ಆತ್ಮಗಳಿಗೆ ಸೇರುತ್ತದೆ ಅಂತ. ನಾನು ಎಷ್ಟೋ ಪುಡಿಂಗುಗಳನ್ನು ಹಾಗೆ ಯಾರೋ ಗುರುತಿಲ್ಲದವರಿಗೆ ಕಳಿಸಿದ್ದೇನೆ. ಊಟ ಬಿಟ್ಟರೂ ಸತ್ತವರಿಗೆ ತಲುಪುತ್ತದೆ ಎಂಬ ಲೆಕ್ಕ ಇದ್ದಮೇಲೆ, ಮಗು ಉಂಡೇ ತಲುಪಿಸಬೇಕೆಂಬ ಹಟ ಯಾಕೆ?

ಅವಳಿಗೆ ಅದನ್ನೇ ಹೇಳಿದೆ. ಎರಡನೆಯ ಊಟ ಉಣ್ಣಬೇಡ, ಬಿಟ್ಟುಬಿಡು, ಬಿಟ್ಟದ್ದೂ ತಾತನಿಗೆ ಹೋಗುತ್ತದೆ.

"ನಿಂಗೆ ಹೇಗೆ ಗೊತ್ತು?"

"ನಮ್ ಸಿಸ್ಟರ್ಸ್ ಹೇಳಿದ್ರು."

"ಅವ್ರಿಗೆ ತಾತ ಗೊತ್ತಾ?"

ಎಲ್ಲರ ತಾತಂದಿರೂ ಗೊತ್ತು ಎಂದೆ. ಅಂದಿನಿಂದ ಅವಳು ಕಿಟಕಿಯ ಪಕ್ಕ ಹೋಗಲಿಲ್ಲ. ಮನೆ ಹಗುರಾಯಿತು. ಸಂಜೆ ಕೆರೆಯ ಸುತ್ತ ನನ್ನ ಜೊತೆ ವಾಕಿಂಗ್ ಬರತೊಡಗಿದಳು. ಬಸ್ಸಾರು, ಹೆಸರುಕಾಳಿನ ಉಸಲಿ, ಸೌತೆಕಾಯಿಯ ಕೋಸಂಬರಿ, ಎಲ್ಲವನ್ನೂ ಬೇಡ ಅನ್ನದೆ ಬಡಿಸಿಕೊಳ್ಳುತ್ತಿದ್ದಳು. ತೂಕ ನಿಂತಿತು, ಆಮೇಲೆ ಇಳಿಯಿತು. ಮಗಳು ನನ್ನನ್ನು ತಬ್ಬಿಕೊಂಡು ಥ್ಯಾಂಕ್ಸ್ ಅಮ್ಮಾ ಎಂದಳು.

ಅದು ಇಳಿಯುತ್ತಲೇ ಹೋಯಿತು. ಟಿಫಿನ್ ಬಾಕ್ಸು ಖಾಲಿ ಬರುತ್ತಿತ್ತು, ಆದರೆ ಸ್ಕೂಲಿನ ಆಯಾ ಒಂದು ದಿನ ಬಸ್ಸಿನ ಹತ್ತಿರ ನನ್ನನ್ನು ನಿಲ್ಲಿಸಿ, ಪಾಪು ದಿನಾ ಡಬ್ಬೀಲಿರೋದನ್ನ ಗಿಡದ ಬುಡಕ್ಕೆ ಸುರೀತದೆ ಎಂದಳು. ಮೇಜಿನ ಮುಂದೆ ನಾನು ಕಣ್ಣಿಟ್ಟು ನೋಡಿದೆ. ತುತ್ತನ್ನು ಬಾಯಿಯ ತನಕ ಒಯ್ದು, ತುಟಿಗೆ ತಾಗಿಸಿ, ಮತ್ತೆ ತಟ್ಟೆಗೆ ಇಳಿಸುತ್ತಿದ್ದಳು. ಕೆನ್ನೆ ಒಳಕ್ಕೆ ಹೋಗಿ, ದವಡೆಯ ಮೂಳೆ ಎದ್ದು, ಆ ಮುಖದಲ್ಲಿ ನನಗೆ ಅವರ ಕೊನೆಯ ತಿಂಗಳುಗಳ ಮುಖ ಕಂಡಿತು. ಡಯಾಲಿಸಿಸ್ ಕಾಲದಲ್ಲಿ ಅವರು ಹೀಗೆಯೇ ಅನ್ನವನ್ನು ಮುಟ್ಟಿ ಮುಟ್ಟಿ ಇಡುತ್ತಿದ್ದರು.

ಒಂದು ಸಂಜೆ ಕೆರೆಯ ದಾರಿಯಲ್ಲಿ ಅವಳು ಕೈ ಬಿಡಿಸಿಕೊಂಡು ಕೂತುಬಿಟ್ಟಳು. ಕಣ್ಣು ಕತ್ತಲೆ ಎಂದಳು. ಬೆಂಚಿನ ಮೇಲೆ ಮಲಗಿಸಿ, ಅಲ್ಲಿ ಜಾಗಿಂಗ್ ಮಾಡುತ್ತಿದ್ದ ಹೆಂಗಸಿನ ಬಾಟಲಿ ಇಸಿದುಕೊಂಡು ಮುಖಕ್ಕೆ ನೀರು ಚಿಮುಕಿಸಿದೆ. ನೀರಿನ ಮೇಲಿನ ಬೆಳಕು ಆರುತ್ತಿತ್ತು, ಆಚೆ ದಡದ ಅಪಾರ್ಟ್‌ಮೆಂಟಿನಲ್ಲಿ ಒಂದೊಂದೇ ದೀಪ ಹತ್ತುತ್ತಿತ್ತು. ಅವಳು ಕಣ್ಣು ತೆರೆದು ನನ್ನನ್ನಲ್ಲ, ನನ್ನ ಭುಜದ ಹಿಂದೆ ಎಲ್ಲೋ ನೋಡಿದಳು.

"ಎಲ್ಲಾ ಬಿಟ್ರೂ ಸಾಲ್ತಿಲ್ವಂತೆ ಅಜ್ಜಿ," ಎಂದಳು. "ತಾತಂಗೆ ಇನ್ನೂ ಹಸಿವಂತೆ."

ಅವಳನ್ನು ಆಟೋದಲ್ಲಿ ಮನೆಗೆ ಕರೆತಂದೆ. ಡಾಕ್ಟರಿಗೆ ಫೋನ್ ಮಾಡಿದಾಗ ಅವರು ಗದರಿದರು. ತೂಕ ಇಷ್ಟು ಬೇಗ ಇಳಿದದ್ದು ಒಳ್ಳೆಯದಲ್ಲ, ಬೆಳೆಯುವ ಮಗು, ಹೊತ್ತುಹೊತ್ತಿಗೆ ಉಣ್ಣಲೇಬೇಕು, ನಾಳೆಯೇ ಕರೆತನ್ನಿ, ಮನಸ್ಸಿನ ವಿಷಯಕ್ಕೆ ಒಬ್ಬ ಕೌನ್ಸೆಲರನ್ನೂ ನೋಡಿ ಎಂದರು. ನೋಡಿದೆವು. ಆ ಕೌನ್ಸೆಲರ್ ಹುಡುಗಿ ಬಹಳ ಒಳ್ಳೆಯವಳು, ಮಗುವಿನಿಂದ ಚಿತ್ರ ಬರೆಸಿದಳು. ಆದರೆ ಅದು ಮುಂದಿನ ವಾರದ ಮಾತು. ಆ ಸಂಜೆ ಮಗು ಉಣ್ಣಬೇಕಿತ್ತು.

ನಾನು ಮುದ್ದೆ ಕಟ್ಟಿದೆ. ಒಂದು ತಟ್ಟೆ ಅವಳ ಮುಂದೆ ಇಟ್ಟೆ. ಇನ್ನೊಂದನ್ನು ತೆಗೆದುಕೊಂಡು ಹೋಗಿ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತೆ. ಕುರ್ಚಿ ಬೆಚ್ಚಗಿತ್ತು. ಇಡೀ ಮಧ್ಯಾಹ್ನದ ಬಿಸಿಲು ಅದರ ಮೇಲೆ ಬಿದ್ದಿತ್ತಲ್ಲ. ಮಗಳು ಅಡುಗೆಮನೆಯ ಬಾಗಿಲಲ್ಲಿ ನಿಂತಳು, ಏನೂ ಹೇಳಬೇಡ ಎಂದು ಕಣ್ಣಿನಲ್ಲೇ ಸನ್ನೆ ಮಾಡಿದೆ.

"ಇನ್ಮೇಲೆ ತಾತನ ಊಟ ನಂದು," ಎಂದೆ. "ನಿನ್ನ ತಾತ ಆಗೋ ಮುಂಚೆ ಅವ್ರು ನನ್ನ ಗಂಡ ಕಣೇ. ಅವ್ರ ಹೊಟ್ಟೆ ನೋಡ್ಕೊಳ್ಳೋದು ಯಾವಾಗ್ಲೂ ನನ್ನ ಕೆಲ್ಸ. ನಿಂಗೆ ಯಾರೂ ಕೊಟ್ಟಿದ್ದಲ್ಲ ಅದು."

"ಬ್ಯಾಟರಾಯನಪುರದ ದೊಡ್ಡಜ್ಜಿ ಕೊಟ್ರು."

"ಅವ್ರಿಗೆ ಕೊಡೋ ಹಕ್ಕಿರ್ಲಿಲ್ಲ. ನನ್ನ ಕೇಳ್ಬೇಕಿತ್ತು."

ಅವಳು ಈ ಮಾತನ್ನು ತೂಗಿ ನೋಡಿದಳು. ಆಸ್ತಿಯ ಮಾತಿನಲ್ಲಿ ದೊಡ್ಡವರು ಹೇಗೆ ಯೋಚಿಸುತ್ತಾರೋ ಹಾಗೆ. ಆಮೇಲೆ, ತಾತ ಒಪ್ಪಬೇಕಲ್ಲ ಎಂದಳು. ಕೇಳು ಹಾಗಾದರೆ ಎಂದೆ. ಹಾಗೆ ಹೇಳಿದ್ದು ನಾನೇ, ಆದರೆ ಅವಳು ನಿಜವಾಗಿ ತಲೆ ಓರೆ ಮಾಡಿ ನನ್ನ ಕುರ್ಚಿಯ ಬೆನ್ನಿನ ಕಡೆ ಕಿವಿಗೊಟ್ಟಾಗ, ನಾನು ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ. ತಿರುಗಿ ನೋಡಲಿಲ್ಲ. ಫ್ರಿಜ್ಜಿನ ಸದ್ದು ನಿಂತಿತ್ತು.

"ಆಯ್ತಂತೆ," ಎಂದಿತು ಮಗು. "ಆದ್ರೆ ನಿಂಗೆ ತುಂಬಾ ಹಸಿವಾಗತ್ತಂತೆ, ಪರ್ವಾಗಿಲ್ವಾ ಅಂತ ಕೇಳ್ತಿದ್ದಾರೆ."

"ಪರ್ವಾಗಿಲ್ಲ ಅಂತ ಹೇಳು."

ಅವಳು ಹೇಳಲಿಲ್ಲ. ನಾನು ಹೇಳಿದ್ದು ತಾತನಿಗೇ ಕೇಳಿಸಿತೆಂಬಂತೆ ಮುಂದಕ್ಕೆ ಬಾಗಿ, ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ, ನುಂಗಿದಳು. ಬೇಗ ಬೇಗ ತಿಂದಳು. ಪಲ್ಯದಲ್ಲಿ ಕಾಯಿತುರಿ ಜಾಸ್ತಿ ಹಾಕಬಾರದಿತ್ತಾ ಎಂದಳು. ನಡುವೆ ಏನೋ ಹಾಡು ಗುನುಗಿದಳು. ಆ ಗುನುಗಿಗೆ ಮಗಳು ಮುಖ ತಿರುಗಿಸಿಕೊಂಡು ನಲ್ಲಿ ಬಿಟ್ಟಳು.

ಈಗ ಒಂದು ಶಾಲೆಯ ವರ್ಷ ಕಳೆದಿದೆ. ಮಗು ಬೆಳೆದಿದೆ, ಯೂನಿಫಾರ್ಮಿನ ಉದ್ದ ಈಗ ಸಾಲುತ್ತಿಲ್ಲ. ಕತ್ತಿನ ಕಪ್ಪು ಮಾಸಿದೆ. ಡಾಕ್ಟರ್ ರಕ್ತ ಪರೀಕ್ಷೆ ನೋಡಿ, ದಾರಿ ತಿರುಗಿಸಿದ್ದೀರಿ ಎಂದರು. ಕೌನ್ಸೆಲರಿಂದಲೇ ಆಯಿತೆಂದು ಮಗಳು ನಂಬಿದ್ದಾಳೆ. ಹಾಗೇ ಇರಬಹುದು, ನಾನು ವಾದ ಮಾಡುವುದಿಲ್ಲ. ಮನೆಯಲ್ಲಿ ಎಲ್ಲರಿಗೂ ಒಂದೇ ಅಡುಗೆ, ಅರ್ಧ ತಟ್ಟೆ ಸೊಪ್ಪು ತರಕಾರಿ. ಹಬ್ಬಕ್ಕೆ ಕಜ್ಜಾಯ ಮಾಡಿದರೆ ಅವಳು ಒಂದು ತಿಂದು, ಸಾಕು ಎಂದು ಎದ್ದುಹೋಗುತ್ತಾಳೆ. ಸಾಕು ಎನ್ನುವ ಆ ಮಾತನ್ನು ನಾನು ಪ್ರತಿ ಸಲವೂ ನಿಂತು ಕೇಳುತ್ತೇನೆ.

ನಾನು ಜನ್ಮದಲ್ಲಿ ಹೆಚ್ಚು ಉಂಡವಳಲ್ಲ. ಅರ್ಧ ಮುದ್ದೆ, ಒಂದು ಸೌಟು ಅನ್ನ. ಮಾಂಸದ ವಾಸನೆಗೆ ಮೂಗು ಮುಚ್ಚಿಕೊಂಡೇ ಇವರಿಗೆ ಬೇಯಿಸಿ ಹಾಕಿದವಳು. ಈಗ ಬೆಳಗಿನ ಹನ್ನೊಂದು ಗಂಟೆಗೆ ಹಸಿವು ಶುರುವಾಗುತ್ತದೆ. ಅದು ಹೊಟ್ಟೆಯಲ್ಲಿ ಹುಟ್ಟುವುದಿಲ್ಲ, ಬೆನ್ನಿನ ಕಡೆಯಿಂದ ಬರುತ್ತದೆ, ಯಾರೋ ಹಿಂದೆ ಬಂದು ನಿಂತ ಹಾಗೆ. ಕೈಮಾ ಉಂಡೆ ಬೇಕೆನ್ನಿಸುತ್ತದೆ, ಎಣ್ಣೆಯಲ್ಲಿ ಕರಿದ ಕರಿಬೇವಿನ ಪರಿಮಳ ನಾಲಿಗೆಗೆ ಬರುತ್ತದೆ. ನನ್ನ ಶುಗರ್ ಪರೀಕ್ಷೆಯೂ ಮಾಡಿಸಿಕೊಳ್ಳುತ್ತಿದ್ದೇನೆ, ಸದ್ಯಕ್ಕೆ ನಾರ್ಮಲ್. ಆದ್ದರಿಂದ ಅವರಿಗೂ ನಿಯಮ ಹಾಕಿದ್ದೇನೆ. ಬದುಕಿದ್ದಾಗ ಸೊಪ್ಪು ಕಂಡರೆ ದನಕ್ಕೆ ಹಾಕು ಎನ್ನುತ್ತಿದ್ದವರು ಈಗ ದಂಟಿನ ಸೊಪ್ಪಿನ ಪಲ್ಯ, ಮೂಲಂಗಿ, ಹಾಗಲಕಾಯಿ ಉಣ್ಣುತ್ತಿದ್ದಾರೆ. ಬೇರೆ ದಾರಿಯಿಲ್ಲ, ನಾನು ತಿಂದದ್ದೇ ಅವರಿಗೆ.

ಮೊನ್ನೆ ಮೊಮ್ಮಗಳು ಸ್ಕೇಟ್ಸ್ ಕಟ್ಟಿಕೊಳ್ಳುತ್ತ ಬಾಗಿಲಲ್ಲಿ ಕೂತಿದ್ದಳು. ಬಹಳ ದಿನದಿಂದ ಕೇಳಬೇಕೆಂದಿದ್ದೆ, ಕೇಳಿದೆ: ತಾತ ಈಗ ಏನು ಹೇಳುತ್ತಾರೆ, ಹೊಟ್ಟೆ ತುಂಬುತ್ತಂತಾ?

ಅವಳು ಲೇಸು ಎಳೆಯುತ್ತ ಭುಜ ಕುಣಿಸಿದಳು. "ನಂಗೇನು ಗೊತ್ತು ಅಜ್ಜಿ? ನಂಗೆ ಕೇಳ್ಸೋದೇ ಇಲ್ವಲ್ಲ ಈಗ."

ಎದ್ದು ಗೋಡೆ ಹಿಡಿದುಕೊಂಡು ಲಿಫ್ಟಿನ ಕಡೆ ಜಾರಿಹೋದಳು. ಕೆಳಗೆ ಮಕ್ಕಳು ಅವಳ ಹೆಸರು ಹಿಡಿದು ಕೂಗಿದ್ದು ಕೇಳಿಸಿತು, ಅವಳ ನಿಜವಾದ ಹೆಸರನ್ನೇ. ನಾನು ಬಾಗಿಲು ಮುಂದೆ ಮಾಡಿದೆ. ಮಧ್ಯಾಹ್ನದ ಊಟ ಮಾಡಿ ಇನ್ನೂ ಸ್ವಲ್ಪ ಹೊತ್ತಾಗಿತ್ತಷ್ಟೆ. ಆದರೂ ಹೋಗಿ ಒಂದು ಸೌತೆಕಾಯಿ ಹೆಚ್ಚಿಕೊಂಡು, ಉಪ್ಪು ಹಾಕದೆ, ಕಿಟಕಿಯ ಪಕ್ಕ ಕೂತು, "ಇವತ್ತಿಗೆ ಇಷ್ಟೇ ರೀ, ಆಮೇಲೆ ಕೇಳಬೇಡಿ" ಎಂದು ಹೇಳಿ, ತಿನ್ನಲು ಶುರುಮಾಡಿದೆ.